ಹೆದರಿ ಮನೆಗೆ ಹೋದವರ ಲೆಕ್ಕ

ಜುಲೈ ೬, ೨೦೨೫, ಭಾನುವಾರ

ಬೆಳಿಗ್ಗೆ ಗೌರೀಶ ಬಂದಿದ್ದ. ನನ್ನ ತಮ್ಮ ಚಾಮರಾಜಪೇಟೆಗೆ ಬರುವುದು ವರ್ಷಕ್ಕೆ ಎರಡು ಸಲ. ಇಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ ಎನ್ನುತ್ತಾನೆ. ಇವತ್ತು ಜಾಗ ಸಿಕ್ಕಿತ್ತು, ಆದ್ದರಿಂದ ಒಂದು ಗಂಟೆ ಕೂತ.

"ಅಕ್ಕ, ಆಗಸ್ಟ್ ಇಪ್ಪತ್ನಾಲ್ಕಕ್ಕೆ ಮಲ್ಲೇಶ್ವರದಲ್ಲಿ ಹಾಲ್ ಬುಕ್ ಮಾಡಿದೀನಿ. ವಿಚಾರ ಸಂಕಿರಣ. 'ಮರಣದಂಡನೆ ಅಪರಾಧವನ್ನು ತಡೆಯುತ್ತದೆಯೇ?' ಅಂತ ಹೆಸರು. ನೀನು ಹತ್ತು ನಿಮಿಷ ಮಾತಾಡ್ಬೇಕು."

"ನಾನ್ಯಾಕೆ?"

"ನೀನು ಸ್ಟಾಟಿಸ್ಟಿಕ್ಸ್ ಅಲ್ವಾ. ನೇಣು ಹಾಕಿದ್ರೆ ಎಷ್ಟು ಕೊಲೆ ಕಮ್ಮಿ ಆಗತ್ತೆ ಅಂತ ಒಂದು ಚಾರ್ಟ್ ಮಾಡು. ಲಾಯರ್ ಮಾತಾಡಿದ್ರೆ ಜನ ಮಲಗ್ತಾರೆ. ಅಮ್ಮನ್ನ ಕಳ್ಕೊಂಡ ಮಗಳೇ ಅಂಕಿಅಂಶ ಇಟ್ಕೊಂಡು ನಿಂತ್ರೆ ಪೇಪರಲ್ಲಿ ಬರತ್ತೆ."

ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಇದೆಯಲ್ಲ ಎಂದೆ. ಅದು ಮರ್ಯಾದೆಗೆ ಇಟ್ಟಿರೋದು ಎಂದ.

ಈ ಪುಸ್ತಕದಲ್ಲಿ ಬರೆಯಲು ಹೇಳಿದ್ದು ಡಾಕ್ಟರು. ನಿದ್ದೆ ಬರುವುದಿಲ್ಲ ಎಂದಿದ್ದಕ್ಕೆ, ಮಾತ್ರೆಗೆ ಮುಂಚೆ ಇದನ್ನು ಪ್ರಯತ್ನಿಸಿ, ಮೊದಲಿನಿಂದ ಬರೆಯಿರಿ ಎಂದರು. ಮೊದಲಿನಿಂದ ಎಂದರೆ ಇಷ್ಟು. ನಾನು ಪ್ರತಿಭಾ, ನಲವತ್ತೊಂಬತ್ತು ವರ್ಷ, ಸರ್ಕಾರದ ಜನನ ಮರಣ ಅಂಕಿಅಂಶ ವಿಭಾಗದಲ್ಲಿ ಅಧಿಕಾರಿ. ಇಪ್ಪತ್ಮೂರು ವರ್ಷದಿಂದ ಹುಟ್ಟಿದವರನ್ನೂ ಸತ್ತವರನ್ನೂ ಎಣಿಸುತ್ತಿದ್ದೇನೆ. ೨೦೨೨ರ ಫೆಬ್ರವರಿ ಒಂಬತ್ತರಂದು ವೈಯಾಲಿಕಾವಲ್‌ನ ಮನೆಯಲ್ಲಿ ಅಮ್ಮನನ್ನೂ ಕೆಲಸದವಳನ್ನೂ ಕೊಂದವನು ಅನಿಲ್ ಕುಮಾರ್. ಗೌರೀಶನ ಬಳಿ ಮೊದಲು ಡ್ರೈವರ್ ಆಗಿದ್ದ, ನಮ್ಮ ಊರಿನ ಕಡೆಯ ಹುಡುಗ. ಕೆಲಸ ಬಿಡಿಸಿದ ಆರು ತಿಂಗಳಿಗೆ ಅಮ್ಮನ ಬೀರುವಿನ ಒಡವೆಗೆಂದು ಬಂದ. ಮೇಲಿನ ಮನೆಯಲ್ಲಿರುವ ಗೌರೀಶನ ಸಂಸಾರ ಅವತ್ತು ಒಂದು ಮದುವೆಗೆ ಹೋಗಿತ್ತು. ಕಳೆದ ಡಿಸೆಂಬರಿನಲ್ಲಿ ಸೆಷನ್ಸ್ ಕೋರ್ಟು ಅವನಿಗೆ ನೇಣು ವಿಧಿಸಿತು. ಅದನ್ನು ಹೈಕೋರ್ಟು ಒಪ್ಪಬೇಕು. ಈಗ ಅಲ್ಲಿದೆ.

ನೇಣಾಗಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಇಂಥವರು ಹೆದರಬೇಕು. ಚಾರ್ಟ್ ಮಾಡಿಕೊಡುತ್ತೇನೆ ಎಂದೆ.

ಜುಲೈ ೯, ಬುಧವಾರ

ಆಫೀಸಿನಲ್ಲಿ ೨೦೨೨ರ ಕೋಷ್ಟಕ ತೆಗೆದು ನೋಡಿದೆ. ಅದನ್ನು ತಯಾರಿಸಿದ್ದು ನಾನೇ. ನಮ್ಮಲ್ಲಿ ಕೊಲೆ ಎಂಬ ಶೀರ್ಷಿಕೆ ಇಲ್ಲ, 'ಹಲ್ಲೆ' ಎಂದಿದೆ. ಹಲ್ಲೆಯಿಂದ ಸತ್ತ ಮಹಿಳೆಯರಲ್ಲಿ ಅಮ್ಮ ಎಪ್ಪತ್ತರ ಮೇಲಿನ ಕಾಲಂನಲ್ಲಿದ್ದಾಳೆ. ಕೆಲಸದವಳು ನಲವತ್ತೈದರಿಂದ ಐವತ್ನಾಲ್ಕರ ಕಾಲಂನಲ್ಲಿ. ಒಂದೇ ಮನೆ, ಒಂದೇ ಬೆಳಿಗ್ಗೆ, ಬೇರೆ ಬೇರೆ ಕಾಲಂ. ಆ ವರ್ಷ ಮೊತ್ತ ಸರಿಯಿದೆಯೇ ಎಂದು ಎರಡು ಸಲ ಕೂಡಿ ನೋಡಿದ್ದೆ. ಸರಿಯಿತ್ತು.

ನಿದ್ದೆ ನಾಲ್ಕು ಗಂಟೆ.

ಜುಲೈ ೧೩, ಭಾನುವಾರ

ಗೌರೀಶ ಒಂದು ಮನವಿ ಪತ್ರ ಕಳಿಸಿದ್ದ. ಶಿಕ್ಷೆ ಬೇಗ ಜಾರಿಯಾಗಲಿ ಎಂದು ಸರ್ಕಾರಕ್ಕೆ. ಎರಡೂ ಮನೆಯವರ ಸಹಿ ಇದ್ದರೆ ತೂಕ ಬರುತ್ತದೆಂದು, ಕೆಲಸದವಳ ಮಗಳ ಸಹಿ ಹಾಕಿಸಿಕೊಂಡು ಬಾ ಎಂದ. ಅವನು ಹೋದರೆ ರಾಜಕೀಯ ಅನ್ನಿಸುತ್ತದಂತೆ. ಮುಂದಿನ ಚುನಾವಣೆಯಲ್ಲಿ ವಾರ್ಡಿಗೆ ನಿಲ್ಲುವ ಆಲೋಚನೆ ಅವನಿಗಿದೆ, ಆದ್ದರಿಂದ ಅನ್ನಿಸುವುದು ಸಹಜ.

ಮನೆ ಕೋದಂಡರಾಮಪುರದಲ್ಲಿ, ಒಂದು ವಠಾರದ ಎರಡನೆಯ ಬಾಗಿಲು. ಅಮ್ಮನ ಮನೆಯಿಂದ ನಡೆದರೆ ನಾಲ್ಕು ನಿಮಿಷ. ಅಷ್ಟು ಹತ್ತಿರವಿದ್ದರೂ ನಾನು ಆ ಬೀದಿಗೆ ಹೋಗಿದ್ದು ಇವತ್ತೇ ಮೊದಲು. ಮಗಳ ಹೆಸರು ಮೋನಿಷಾ. ಇಪ್ಪತ್ತೇಳು ಇರಬಹುದು. ಒಂದು ಲ್ಯಾಬಿನವರ ಪರವಾಗಿ ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ತಂದೆ ತೀರಿಕೊಂಡು ಬಹಳ ವರ್ಷವಾಯಿತಂತೆ.

ಸಹಿ ಹಾಕುವ ಜಾಗ ತೋರಿಸಿದೆ. ಅವಳು ಮೊದಲ ಪುಟಕ್ಕೆ ತಿರುಗಿಸಿ ಎಲ್ಲವನ್ನೂ ಓದಿದಳು. ಯಾರೂ ಓದುವುದಿಲ್ಲ ಎಂದು ನಾನೂ ಓದಿರಲಿಲ್ಲ.

"ಮೇಡಂ, ಇದ್ರಲ್ಲಿ ನಮ್ಮಮ್ಮನ ಹೆಸರಿಲ್ಲ."

ನೋಡಿದೆ. 'ಶ್ರೀಮತಿ ಲಕ್ಕಮ್ಮನವರು ಹಾಗೂ ಮನೆಯಲ್ಲಿದ್ದ ಮತ್ತೋರ್ವ ಮಹಿಳೆ' ಎಂದಿತ್ತು.

"ಟೈಪ್ ಮಾಡಿದವರು ಬಿಟ್ಟಿರ್ಬೇಕು," ಎಂದೆ.

"ಮನೇಲಿದ್ದ ಅಂತಾನೂ ತಪ್ಪು. ನಮ್ಮಮ್ಮ ಮನೇಲಿರ್ಲಿಲ್ಲ. ಆಮೇಲೆ ಹೋಗಿದ್ದು."

ನನ್ನ ಪೆನ್ನು ಇಸಿದುಕೊಂಡು ಆ ಸಾಲನ್ನು ನೀಟಾಗಿ ಹೊಡೆದು, ಮೇಲೆ 'ಶ್ರೀಮತಿ ಶಕುಂತಲಮ್ಮ, ೫೨ ವರ್ಷ' ಎಂದು ಬರೆದಳು. ಆಮೇಲೆ ಸಹಿ ಹಾಕಿದಳು. ಟೀ ಮಾಡುತ್ತೇನೆ ಎಂದಳು. ಕೆಲಸವಿದೆ ಎಂದು ಹೇಳಿ ಬಂದುಬಿಟ್ಟೆ. ಕೆಲಸ ಇರಲಿಲ್ಲ.

ಪ್ರಿಂಟ್ ಹಾಳಾಯಿತು ಎಂದು ಗೌರೀಶನಿಗೆ ಬೇಜಾರು.

ಜುಲೈ ೧೮, ಶುಕ್ರವಾರ

ವಾರದಿಂದ ಹುಡುಕುತ್ತಿದ್ದೇನೆ. ನಮ್ಮ ದೇಶದಲ್ಲಿ ನೇಣಾದವರು ಈ ಇಪ್ಪತ್ತೈದು ವರ್ಷದಲ್ಲಿ ಬೆರಳೆಣಿಕೆಯಷ್ಟು. ಕೊಲೆಗಳು ವರ್ಷಕ್ಕೆ ಹತ್ತಾರು ಸಾವಿರ. ಇಷ್ಟು ಸಣ್ಣ ಸಂಖ್ಯೆಯನ್ನು ಅಷ್ಟು ದೊಡ್ಡದರ ಪಕ್ಕ ಇಟ್ಟರೆ ಏನೂ ಕಾಣುವುದಿಲ್ಲ. ನೇಣಾದ ವರ್ಷ ಕೊಲೆ ಕಡಿಮೆಯಾದದ್ದೂ ಇದೆ, ಆಗದೆ ಇದ್ದದ್ದೂ ಇದೆ. ನೇಣೇ ಇಲ್ಲದ ವರ್ಷಗಳಲ್ಲೂ ಕಡಿಮೆಯಾಗಿದೆ. ಹೊರದೇಶದವರು ದಶಕಗಳಿಂದ ಇದನ್ನೇ ಲೆಕ್ಕ ಹಾಕುತ್ತಿದ್ದಾರೆ. ತಡೆಯುತ್ತದೆ ಎಂದವರ ಲೆಕ್ಕದಲ್ಲಿ ಇನ್ನೊಬ್ಬರು ತಪ್ಪು ಹುಡುಕಿದ್ದಾರೆ. ತಡೆಯುವುದಿಲ್ಲ ಎಂದವರದ್ದರಲ್ಲೂ ಅಷ್ಟೇ.

ತೊಂದರೆ ಇರುವುದು ಬೇರೆ ಕಡೆ. ಕೊಲೆ ಮಾಡಬೇಕೆಂದು ಹೊರಟು, ನೇಣು ನೆನಪಾಗಿ, ಹೆದರಿ ಮನೆಗೆ ಹೋದವನು ಯಾವ ಅರ್ಜಿಯನ್ನೂ ತುಂಬಿಕೊಡುವುದಿಲ್ಲ. ಅವನಿಂದ ಉಳಿದುಕೊಂಡವರಿಗೂ ಉಳಿದುಕೊಂಡೆವೆಂದು ಗೊತ್ತಿರುವುದಿಲ್ಲ. ನಮ್ಮಲ್ಲಿ ಸತ್ತವರು ಮಾತ್ರ ನೋಂದಣಿಯಾಗುತ್ತಾರೆ.

ಆದರೂ ಏನಾದರೂ ಇರಲೇಬೇಕು.

ಜುಲೈ ೧೯, ಶನಿವಾರ

ಇಲ್ಲ.

ಜುಲೈ ೨೭, ಭಾನುವಾರ

ವೈಯಾಲಿಕಾವಲ್‌ಗೆ ಹೋಗಿದ್ದೆ. ಮನೆಯ ಎದುರು ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಅಮ್ಮನ ಫೋಟೋ, ಕೆಳಗೆ 'ಲಕ್ಕಮ್ಮ ನ್ಯಾಯ ಹೋರಾಟ ಸಮಿತಿ', ಪಕ್ಕದಲ್ಲಿ ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ಗೌರೀಶ. ಅಮ್ಮನಿಗೆ ಫೋಟೋ ತೆಗೆಸಿಕೊಳ್ಳುವುದು ಆಗುತ್ತಿರಲಿಲ್ಲ. ಇದು ಆಧಾರ್ ಕಾರ್ಡಿನದು. ಹಿಗ್ಗಿಸಿದ್ದರಿಂದ ಅವಳ ಸಿಟ್ಟೂ ಹಿಗ್ಗಿದೆ.

ಶಕುಂತಲಮ್ಮನ ಫೋಟೋ ಯಾಕಿಲ್ಲ ಎಂದು ಕೇಳಿದೆ. ಒಂದು ಫ್ಲೆಕ್ಸಿಗೆ ಒಂದೇ ಮುಖ ಇದ್ದರೆ ಜನರ ಮನಸ್ಸಿಗೆ ನಾಟುತ್ತದೆ ಎಂದ. ಅವನ ಮುಖವೂ ಇದೆಯಲ್ಲ ಎಂದೆ. ಕೇಳಿಸಲಿಲ್ಲ ಅಂತ ಕಾಣುತ್ತದೆ.

ಚಾರ್ಟ್ ವಿಷಯ ಹೇಳಿದೆ.

"ತಡೆಯತ್ತೆ ಅಂತ ಹೇಳೋಕಾಗಲ್ಲ ಕಣೋ. ತಡೆಯಲ್ಲ ಅಂತಾನೂ ಹೇಳೋಕಾಗಲ್ಲ."

"ಹೇಳೋಕಾಗಲ್ಲ ಅಂತ ಹತ್ತು ನಿಮಿಷ ಹೆಂಗಕ್ಕ ಮಾತಾಡ್ತೀಯ?"

"ಮೂರು ನಿಮಿಷ ಸಾಕು."

"ನಿಂಗೆ ಅವನು ಸಾಯ್ಬೇಕೋ ಬೇಡ್ವೋ?"

ಬೇಕು ಎಂದೆ. ಅಷ್ಟು ಹೇಳು ಸಾಕು ಎಂದ. ಅದಕ್ಕೆ ಸ್ಟಾಟಿಸ್ಟಿಕ್ಸ್ ಯಾಕೆ ಬೇಕು ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗೌರೀಶನ ಹೆಂಡತಿ ಊಟಕ್ಕೆ ಕರೆದಳು. ಬಸ್ಸಾರು, ಮುದ್ದೆ. ಚೆನ್ನಾಗಿತ್ತು.

ಆಗಸ್ಟ್ ೫, ಮಂಗಳವಾರ

ವಕೀಲ ದೊರೆಸ್ವಾಮಿಯವರು ಕರೆಸಿದ್ದರು. ನಮ್ಮ ಕಡೆಯಿಂದ ಸರ್ಕಾರಿ ವಕೀಲರಿಗೆ ನೆರವಾಗುತ್ತಿರುವವರು ಅವರೇ. ಉಪ್ಪಾರಪೇಟೆಯಲ್ಲಿ ಒಂದು ಲಾಡ್ಜಿನ ಮೇಲೆ ಅವರ ಆಫೀಸು. ಅಪರಾಧಿಯ ಹಿನ್ನೆಲೆ, ಜೈಲಿನ ನಡತೆ ಎಲ್ಲ ವಿಚಾರಿಸಿ ವರದಿ ಕೊಡುವಂತೆ ಹೈಕೋರ್ಟು ಒಬ್ಬ ಅಧಿಕಾರಿಗೆ ಹೇಳಿತ್ತು. ಆ ವರದಿ ಬಂದಿದೆ. ಗೌರೀಶನೂ ಇದ್ದ.

ಮನೆಗೆ ತಂದು ಓದಿದೆ. ಹದಿನೆಂಟು ಪುಟ. ಅನಿಲ್ ಕುಮಾರ್ ಒಂಬತ್ತನೇ ತರಗತಿ. ತಾಯಿ ಇದ್ದಾರೆ, ಜೈಲಿಗೆ ಬಂದಿರುವುದು ಎರಡು ಸಲ. ಜೈಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ನಡತೆ ತೃಪ್ತಿಕರ. ಹನ್ನೊಂದನೆಯ ಪುಟದಲ್ಲಿ ಒಂದು ಪ್ಯಾರಾ. ಹಾಗೇ ಇಳಿಸಿಕೊಳ್ಳುತ್ತೇನೆ.

'ಮೊದಲನೆಯ ಕೃತ್ಯದ ಬಳಿಕ ತಾನು ಹೊರಡುವುದರಲ್ಲಿದ್ದು, ಅಷ್ಟರಲ್ಲಿ ಎರಡನೆಯ ಮೃತೆಯು ಒಳಗೆ ಬಂದು ತನ್ನನ್ನು ನೋಡಿದ್ದಾಗಿಯೂ, ಆಕೆಯೊಂದಿಗೆ ತನಗೆ ಯಾವುದೇ ದ್ವೇಷವಿರಲಿಲ್ಲವೆಂದೂ, ಆದರೆ ಸಿಕ್ಕಿಬಿದ್ದರೆ ಹೇಗಿದ್ದರೂ ನೇಣು, ಒಬ್ಬರಿಗೂ ನೇಣು ಇಬ್ಬರಿಗೂ ನೇಣು, ನೋಡಿದವರು ಇಲ್ಲದಿದ್ದರೆ ಬದುಕಿಕೊಳ್ಳಬಹುದು ಎಂದು ಆ ಸಮಯದಲ್ಲಿ ಹೊಳೆಯಿತೆಂದೂ ತಿಳಿಸಿರುತ್ತಾನೆ.'

ಈ ಪ್ಯಾರಾದ ಪಕ್ಕ ದೊರೆಸ್ವಾಮಿಯವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿದ್ದರು. "ಇದು ಸಾಕ್ಷ್ಯ ಅಲ್ಲ ಮೇಡಂ. ಆದ್ರೆ ಜಡ್ಜ್‌ಗಳು ಓದಿರ್ತಾರೆ. ಸಾಕ್ಷಿ ಉಳೀಬಾರ್ದು ಅಂತ ಕೊಂದ ಅಂದ್ಮೇಲೆ ಅವನೆಂಥ ಕ್ರೂರಿ ಅಂತ ಆಯ್ತಲ್ಲ. ನಮಗೆ ಒಳ್ಳೇದೇ," ಎಂದಿದ್ದರು. ಗೌರೀಶನಿಗೂ ಖುಷಿಯಾಗಿತ್ತು.

ಅವನು ಹೆದರಿದ್ದ. ನಾನು ತಿಂಗಳಿಂದ ಹುಡುಕುತ್ತಿದ್ದದ್ದು ನೇಣಿಗೆ ಹೆದರಿದವನನ್ನು. ಸಿಕ್ಕಿದ.

ಆಗಸ್ಟ್ ೬, ಬುಧವಾರ

ಹೊಟ್ಟೆನೋವು ಎಂದು ಆಫೀಸಿಗೆ ಮೆಸೇಜ್ ಹಾಕಿದೆ. ಹೊಟ್ಟೆನೋವು ಇರಲಿಲ್ಲ. ಇಡೀ ದಿನ ಬೀರುವಿನ ಸೀರೆಗಳನ್ನು ಮಡಿಚಿಟ್ಟೆ. ಅವು ಮೊದಲೇ ಮಡಿಚಿದ್ದವು.

ಆಗಸ್ಟ್ ೧೦, ಭಾನುವಾರ

ಇಲ್ಲಿ ಬರೆಯದೆ ಬಿಟ್ಟ ಒಂದು ವಿಷಯವಿದೆ. ಮೊದಲಿನಿಂದ ಬರೆಯಿರಿ ಎಂದು ಡಾಕ್ಟರು ಹೇಳಿದ್ದರು.

ನಾನು ದಿನಾ ಹನ್ನೊಂದಕ್ಕೆ, ಆಫೀಸಿನ ಟೀ ಹೊತ್ತಿಗೆ, ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅವತ್ತು ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಮಾಡಿದೆ, ಎತ್ತಲಿಲ್ಲ. ಶಕುಂತಲಮ್ಮನವರಿಗೆ ಮಾಡಿದೆ. ಅವರು ಬೆಳಿಗ್ಗೆಯೇ ಅಮ್ಮನ ಮನೆಯ ಪಾತ್ರೆ ಮುಗಿಸಿ ಮನೆಗೆ ಹೋಗಿಯಾಗಿತ್ತು. ಒಂದು ಸಲ ಹೋಗಿ ನೋಡು ಎಂದೆ. ಹೋದರು.

ಇವತ್ತು ಅದನ್ನೂ ವರದಿಯನ್ನೂ ಹೇಳಲು ಕೋದಂಡರಾಮಪುರಕ್ಕೆ ಹೋದೆ. ಮೋನಿಷಾಗೆ ಭಾನುವಾರವೂ ಬೆಳಿಗ್ಗೆ ಕೆಲಸ. ಹತ್ತಕ್ಕೆ ಬಂದಳು. ಸ್ಕೂಟರಿನಿಂದ ರಕ್ತದ ಡಬ್ಬಿ ಇಳಿಸಿ, ಕೈ ತೊಳೆದು, ಟೀಗೆ ಇಟ್ಟಳು. ನಾನು ಹನ್ನೊಂದನೆಯ ಪುಟವನ್ನು ಅವಳ ಕೈಗೆ ಕೊಟ್ಟೆ. ಎರಡು ಸಲ ಓದಿದಳು.

"ಇದನ್ಯಾಕೆ ತಂದ್ರಿ ಮೇಡಂ?"

"ನಿಂಗೆ ಗೊತ್ತಿರ್ಲಿ ಅಂತ. ನೇಣು ಅನ್ನೋದು ಇಲ್ದೆ ಇದ್ದಿದ್ರೆ ಅವನು ಓಡಿಹೋಗ್ತಿದ್ನೇನೋ. ನಿಮ್ಮಮ್ಮ ಬದುಕ್ತಿದ್ರೇನೋ. ಗೊತ್ತಿಲ್ಲ. ಲೆಕ್ಕದಲ್ಲಿ ಹಾಗೆ ಹೇಳೋಕೆ ಬರಲ್ಲ."

"ಅವನು ಹೆದ್ರಿ ಮಾಡ್ದ ಅಂತೀರ."

"ಹಂಗಂತ ಅವನೇ ಹೇಳಿದಾನೆ."

"ನಮ್ಮಮ್ಮಂಗೆ ಹೆದ್ರಿಕೆ ಆಗಿರಲ್ವಾ?"

ಅವಳು ಟೀ ಸೋಸಿ ಕೊಟ್ಟಳು.

"ನಂಗೆ ಅವನು ನೇಣಾಗ್ಬೇಕು," ಎಂದಳು. ಹಾಲು ಮುಗಿದಿದೆ ಎನ್ನುವಂಥ ದನಿಯಲ್ಲೇ. "ಬೇರೆಯವ್ರು ಹೆದರ್ಲಿ ಅಂತಲ್ಲ. ಬೇರೆಯವ್ರು ಏನಾದ್ರೂ ಮಾಡ್ಕೊಳ್ಳಿ. ಅವನು ಬೆಳಗ್ಗೆ ಎದ್ದು ಕಾಫಿ ಕುಡೀತಾನಲ್ಲ, ಅದಕ್ಕೆ."

ಮೂರು ವರ್ಷದಲ್ಲಿ ಈ ವಿಷಯದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದೊಂದರಲ್ಲೇ ಯಾವ ತಪ್ಪೂ ಸಿಗಲಿಲ್ಲ.

ಆಮೇಲೆ ಫೋನಿನ ವಿಷಯ ಹೇಳಿದೆ. ನಿಮ್ಮಮ್ಮ ಅಲ್ಲಿಗೆ ಹೋಗಿದ್ದು ನಾನು ಹೇಳಿದ್ದಕ್ಕೆ ಎಂದೆ. ವಾಕ್ಯವನ್ನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ, ಆದರೂ ಅರ್ಧದಲ್ಲಿ ನಿಂತಿತು.

"ಗೊತ್ತು," ಎಂದಳು.

"ಹೇಗೆ?"

"ನೀವು ಸಾಕ್ಷಿ ಹೇಳಿದ ದಿನ ನಾನೂ ಕೋರ್ಟಲ್ಲಿದ್ದೆ. ಹಿಂದಿನ ಬೆಂಚಲ್ಲಿ. ಎಲ್ಲಾ ದಿನಾನೂ ಇದ್ದೆ."

ವಿಚಾರಣೆ ನಡೆದದ್ದು ಎರಡು ವರ್ಷ. ನಾನು ಹೋಗಿದ್ದು ಹನ್ನೆರಡು ದಿನ. ಆ ಹನ್ನೆರಡು ದಿನವೂ ಹಿಂದಿನ ಬೆಂಚಿನಲ್ಲಿ ಯಾರೋ ಒಂದು ಹುಡುಗಿ ಕೂತಿರುತ್ತಿದ್ದಳು. ಯಾವುದೋ ಲಾಯರಿನ ಜೂನಿಯರ್ ಅಂದುಕೊಂಡಿದ್ದೆ.

ಯಾಕೆ ಏನೂ ಕೇಳಲಿಲ್ಲ ಎಂದೆ. ನೀವು ಈ ಕಡೆ ತಿರುಗಲೇ ಇಲ್ಲ ಎಂದಳು.

ಆಗಸ್ಟ್ ೨೪, ಭಾನುವಾರ

ಸಂಕಿರಣ ಆಯಿತು. ನೂರಿಪ್ಪತ್ತು ಕುರ್ಚಿ, ಎಂಬತ್ತು ಜನ. ಉಪ್ಪಿಟ್ಟು ಕೇಸರಿಬಾತ್ ಆದಮೇಲೆ ಅರವತ್ತು.

ಅಧ್ಯಕ್ಷರು ದೊಡ್ಡಬೈರಪ್ಪನವರು, ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಅವರು ಮೊದಲು ಮಾತನಾಡಿದರು. "ಮೂವತ್ನಾಲ್ಕು ವರ್ಷ ಸರ್ವೀಸು ನಂದು. ನಾನು ಹಿಡಿದ ಒಬ್ಬ ಕೊಲೆಗಾರನೂ ತಾನು ಸಿಕ್ಕಿಬೀಳ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ. ಒಬ್ಬನೂ ಶಿಕ್ಷೆ ಬಗ್ಗೆ ಯೋಚ್ನೆ ಮಾಡಿರ್ಲಿಲ್ಲ. ಆದ್ದರಿಂದ ಕಠಿಣ ಶಿಕ್ಷೆ ಬೇಕೇ ಬೇಕು," ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. 'ಆದ್ದರಿಂದ' ಎಲ್ಲಿಂದ ಬಂತೆಂದು ನಾನು ಯೋಚಿಸುತ್ತಿರುವಾಗಲೇ ನನ್ನ ಹೆಸರು ಕರೆದರು.

ಹತ್ತು ನಿಮಿಷ ಕೊಟ್ಟಿದ್ದರು. ನಾಲ್ಕು ಸಾಕಾಯಿತು. ನೇಣಿನಿಂದ ಕೊಲೆ ಕಡಿಮೆಯಾಗುತ್ತದೆ ಎಂದು ಅಂಕಿಅಂಶ ಹೇಳುವುದಿಲ್ಲ, ಕಡಿಮೆಯಾಗುವುದಿಲ್ಲ ಎಂದೂ ಹೇಳುವುದಿಲ್ಲ ಎಂದೆ. ಯಾಕೆ ಹೇಳುವುದಿಲ್ಲ ಎಂದು ವಿವರಿಸಿದೆ. ಹೆದರಿ ಮನೆಗೆ ಹೋದವರ ಲೆಕ್ಕ ಯಾರ ಹತ್ತಿರವೂ ಇಲ್ಲ ಎಂದೆ. ಅಲ್ಲಿಗೆ ಬಿಡಬೇಕೆಂದುಕೊಂಡಿದ್ದೆ. ಆದರೆ ವೇದಿಕೆಯ ಹಿಂದಿನ ಬ್ಯಾನರಿನಲ್ಲೂ ಅಮ್ಮನ ಹೆಸರೊಂದೇ ಇತ್ತು.

"ನನಗೆ ಗೊತ್ತಿರೋದು ಒಂದೇ ಪ್ರಕರಣ. ಆ ಮನೆಯಲ್ಲಿ ಅವತ್ತು ಸತ್ತವರು ಇಬ್ಬರು. ನನ್ನ ತಾಯಿ ಲಕ್ಕಮ್ಮ, ಎಪ್ಪತ್ತೊಂದು ವರ್ಷ. ಶಕುಂತಲಮ್ಮ, ಐವತ್ತೆರಡು ವರ್ಷ. ಶಕುಂತಲಮ್ಮನವರನ್ನ ಕೊಂದಿದ್ದು ನೇಣಿನ ಭಯಕ್ಕೆ ಅಂತ ಕೊಂದವನೇ ಹೇಳಿದಾನೆ. ಅವರು ಅಲ್ಲಿಗೆ ಹೋಗಿದ್ದು ನಾನು ಫೋನ್ ಮಾಡಿ ಕಳಿಸಿದ್ದಕ್ಕೆ. ಒಂದು ಪ್ರಕರಣದಿಂದ ಯಾವ ತೀರ್ಮಾನಕ್ಕೂ ಬರಬಾರದು ಅಂತ ಸ್ಟಾಟಿಸ್ಟಿಕ್ಸ್‌ನಲ್ಲಿ ಮೊದಲ ಪಾಠ. ಇಷ್ಟೇ."

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದರು. "ಹಾಗಾದ್ರೆ ನಿಮ್ಮ ತಾಯಿ ಕೊಂದವನಿಗೆ ನೇಣು ಬೇಡ ಅಂತೀರಾ ತಾಯಿ?"

"ಹಾಗೆ ಹೇಳಲಿಲ್ಲ ಸರ್. ಅದರಿಂದ ಬೇರೆಯವರು ಉಳೀತಾರೆ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ ಅಂದೆ. ಬೇಕು ಅನ್ನೋರು ಬೇರೆ ಕಾರಣ ಹೇಳ್ಬೇಕು."

"ನಿಮ್ಮ ಕಾರಣ ಏನು?"

ಬಾಯಿ ತೆರೆದೆ. ಜುಲೈನಲ್ಲಿ ಆಗಿದ್ದರೆ ಉತ್ತರ ಇತ್ತು. ಮೈಕು ಕುಂಯ್ ಎಂದಿತು, ಗೌರೀಶ ಎದ್ದು ವಂದನಾರ್ಪಣೆ ಶುರು ಮಾಡಿದ. ನನ್ನ ಹೆಸರು ಬಿಟ್ಟು ಎಲ್ಲರಿಗೂ ವಂದಿಸಿದ. ಕುರ್ಚಿ ಬಾಡಿಗೆಯವರಿಗೂ.

ಮೋನಿಷಾ ಕೊನೆಯ ಸಾಲಿನಲ್ಲಿದ್ದಳು. ನಾನು ಆ ಕಡೆ ನೋಡಿದೆ. ತಲೆ ಅಲ್ಲಾಡಿಸಲೂ ಇಲ್ಲ, ನಗಲೂ ಇಲ್ಲ. ಹೊರಗೆ ಸ್ಕೂಟರ್ ಹತ್ತಿರ ನಿಂತಿದ್ದಳು. "ಅಕ್ಕ, ಬನ್ನಿ, ಬಸ್‌ಸ್ಟಾಪಿಗೆ ಬಿಡ್ತೀನಿ," ಎಂದಳು.

ಆಗಸ್ಟ್ ೨೬, ಮಂಗಳವಾರ

ಗೌರೀಶ ನನ್ನನ್ನು ಸಮಿತಿಯ ವಾಟ್ಸಾಪ್ ಗುಂಪಿನಿಂದ ತೆಗೆದ. ಸಂಜೆ ಸೇರಿಸಿದ. ಮತ್ತೆ ತೆಗೆದ. ಆಮೇಲೆ ಫೋನ್ ಮಾಡಿದ. ಬೈಯುತ್ತಾನೆ ಎಂದುಕೊಂಡೆ.

"ಅಕ್ಕ, ನೀನು ಫೋನ್ ಮಾಡ್ದೆ ಅಷ್ಟೇ. ಅವನ್ನ ಮನೆ ಒಳಗಡೆ ತಂದಿದ್ದು ನಾನು. ಅಮ್ಮನೇ ಅವನಿಗೆ ಊಟ ಬಡಿಸ್ತಿದ್ಲು. ಬೀರು ಎಲ್ಲಿದೆ ಅಂತ ಅವನಿಗೆ ಹೆಂಗೆ ಗೊತ್ತು, ಹೇಳು."

ಗೊತ್ತು ಎಂದೆ.

"ಅವನು ಬದುಕಿರೋವರ್ಗೂ ನಂಗೆ ಅದೇ ಯೋಚ್ನೆ."

ನಾಳೆ ಗಣೇಶನ ಹಬ್ಬ, ಕಡುಬು ಕಳಿಸ್ತೀನಿ ಎಂದು ಇಟ್ಟ.

ಸೆಪ್ಟೆಂಬರ್ ೧೭, ಬುಧವಾರ

ಹೈಕೋರ್ಟಿನ ತೀರ್ಪು. ರಜೆ ಹಾಕಿದ್ದೆ. ಗೌರೀಶ ದೊರೆಸ್ವಾಮಿಯವರ ಪಕ್ಕ ಮುಂದೆ ಕೂತ. ನಾನು ಮೋನಿಷಾ ಜೊತೆ ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿಂದ ಏನೂ ಸರಿಯಾಗಿ ಕೇಳಿಸುವುದಿಲ್ಲ. ಅವಳು ಎರಡು ವರ್ಷ ಹೀಗೇ ಕೇಳಿಸಿಕೊಂಡಿದ್ದಾಳೆ.

ಅನಿಲ್ ಕುಮಾರ್ ಗೋಡೆಯ ಟಿವಿಯಲ್ಲಿದ್ದ, ಜೈಲಿನಿಂದ. ದಪ್ಪಗಾಗಿದ್ದಾನೆ. ನ್ಯಾಯಮೂರ್ತಿಗಳು ಕೊನೆಯ ಭಾಗ ಮಾತ್ರ ಇಂಗ್ಲಿಷಿನಲ್ಲಿ ಓದಿದರು. ಅವನಿಗೆ ಅರ್ಥವಾಗಲಿಲ್ಲ, ಪಕ್ಕದ ಪೊಲೀಸಿನವನ ಮುಖ ನೋಡಿದ. ಮೋನಿಷಾ ನನ್ನ ಮುಖ ನೋಡಿದಳು. ನಾನು ಅವಳ ಕಿವಿಯಲ್ಲಿ ಹೇಳಿದೆ.

"ಅಪರಾಧ ಹೌದು ಅಂದ್ರು. ನೇಣು ತೆಗೆದ್ರು. ಜೀವಾವಧಿ. ಮೂವತ್ತು ವರ್ಷ ಆಗೋವರ್ಗೂ ಬಿಡೋಹಾಗಿಲ್ಲ."

"ಈಗ ಎಷ್ಟಾಗಿದೆ?"

"ಮೂರೂವರೆ."

ಅವಳು ಮನಸ್ಸಿನಲ್ಲೇ ಕಳೆದಳು. "ಅವನು ಆಚೆ ಬರೋ ಹೊತ್ತಿಗೆ ನಂಗೆ ಐವತ್ಮೂರು. ಅಮ್ಮಂಗಿಂತ ದೊಡ್ಡೋಳಾಗಿರ್ತೀನಿ."

ಟಿವಿಯಲ್ಲಿ ಯಾರೋ ಅವನಿಗೆ ಹೇಳಿದರು. ಅವನು ಕೈ ಮುಗಿದ. ಯಾರಿಗೆ ಎಂದು ತಿಳಿಯಲಿಲ್ಲ, ಕ್ಯಾಮೆರಾ ಪಕ್ಕಕ್ಕಿತ್ತು. ಸುಪ್ರೀಂ ಕೋರ್ಟಿಗೆ ಹೋಗುತ್ತೇವೆ ಎಂದು ಗೌರೀಶ ಹೊರಗೆ ಟಿವಿಯವರಿಗೆ ಹೇಳುತ್ತಿದ್ದ. ಅವನ ಧ್ವನಿ ಒಡೆಯಿತು. ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟೆ. ಅವನು ಕೈ ಸರಿಸಲಿಲ್ಲ.

ನನಗೆ ಏನನ್ನಿಸಿತು ಎಂದು ಬರೆಯಲು ಹತ್ತು ನಿಮಿಷದಿಂದ ಕೂತಿದ್ದೇನೆ. ಅದನ್ನು ಬಿಟ್ಟು ಮುಂದಿನದು ಬರೆಯುತ್ತೇನೆ.

ಮೋನಿಷಾ ಜೊತೆ ಉಪ್ಪಾರಪೇಟೆಯವರೆಗೆ ನಡೆದೆ. ಅಲ್ಲೊಂದು ದರ್ಶಿನಿಯಲ್ಲಿ ನಿಂತುಕೊಂಡು ಕಾಫಿ ಕುಡಿದೆವು. ಅವಳು ಅಳುತ್ತಿರಲಿಲ್ಲ. ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು.

"ಅಕ್ಕ, ಅವತ್ತು ಫೋನಲ್ಲಿ ನಮ್ಮಮ್ಮ ಏನಂದ್ರು?"

ಪೊಲೀಸರು ಕೇಳಿದ್ದು ಎಷ್ಟು ಗಂಟೆಗೆ ಎಂದು. ವಕೀಲರು ಕೇಳಿದ್ದು ಎಷ್ಟು ಸೆಕೆಂಡು ಎಂದು. ನಲವತ್ತೆರಡು ಸೆಕೆಂಡು. ಏನಂದರು ಎಂದು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"'ಅನ್ನಕ್ಕಿಟ್ಟಿದೀನಿ ಪ್ರತಿಭಮ್ಮ, ಇನ್ನೆರಡು ಸೀಟಿ ಹೊಡೀಲಿ, ಹೋಗ್ತೀನಿ' ಅಂದ್ರು."

"ನೀವು?"

ಸುಳ್ಳು ಹೇಳಬಹುದಿತ್ತು. ಕೇಳಿಸಿಕೊಂಡಿದ್ದವರು ಯಾರೂ ಉಳಿದಿಲ್ಲ.

"ಆಮೇಲೆ ಇಟ್ಕೋಬಹುದು, ಈಗ್ಲೇ ಹೋಗು ಅಂದೆ."

ಅವಳು ಲೋಟ ಕೆಳಗಿಟ್ಟಳು. "ನಾನು ಮನೆಗೆ ಬಂದಾಗ ಸ್ಟೌ ಆಫಾಗಿತ್ತು. ಕುಕ್ಕರಲ್ಲಿ ಅನ್ನ ಅರ್ಧ ಬೆಂದಿತ್ತು. ಅಮ್ಮ ಅಂಥ ಕೆಲಸ ಯಾವತ್ತೂ ಮಾಡಿದೋರಲ್ಲ. ಯಾಕೆ ಹಂಗೆ ಬಿಟ್ಟೋದ್ರು ಅಂತ ನಂಗೆ ಇವತ್ತಿನವರ್ಗೂ ಗೊತ್ತಿರ್ಲಿಲ್ಲ."

ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಬರ್ತೀನಿ ಅನ್ನಲಿಲ್ಲ. ಜನರ ಮಧ್ಯೆ ಮೆಜೆಸ್ಟಿಕ್ ಕಡೆ ಹೋದಳು.

ಸೆಪ್ಟೆಂಬರ್ ೧೯, ಶುಕ್ರವಾರ

ಫೋನ್ ಇಲ್ಲ. ನಾನೂ ಮಾಡಲಿಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ವೈಯಾಲಿಕಾವಲ್‌ಗೆ ಹೋಗಿ ಅಪ್ಪ ಅಮ್ಮನ ಎಡೆಗೆ ಕೈ ಮುಗಿದು ಬಂದೆ. ಫ್ಲೆಕ್ಸ್ ಬಿಚ್ಚಿದ್ದಾರೆ. ಗೌರೀಶ ಹೆಚ್ಚು ಮಾತನಾಡಲಿಲ್ಲ, ಕಡುಬು ಕಳಿಸೋದು ಮರೆತೋಯ್ತು ಎಂದ. ಊಟಕ್ಕೆ ಕೂರು ಎಂದರು. ಹಸಿವಿಲ್ಲ ಎಂದು ಹೇಳಿ ಮನೆಗೆ ಬಂದೆ.

ಮಧ್ಯಾಹ್ನ ಮೂರಕ್ಕೆ ಮೋನಿಷಾ ಫೋನ್.

"ಅಮ್ಮಂಗೆ ಎಡೆ ಇಟ್ಟೆ ಅಕ್ಕ."

"ಹೂಂ."

"ಅನ್ನಕ್ಕಿಟ್ಟಾಗ ಗಡಿಯಾರ ನೋಡ್ಕೊಂಡೆ. ಅಮ್ಮಂದೇ ಕುಕ್ಕರು. ಎರಡು ಸೀಟಿಗೆ ಆರು ನಿಮಿಷ."

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ.

"ಎದುರುಮನೆ ಕ್ಯಾಮೆರಾದಲ್ಲಿ ಅಮ್ಮ ಒಳಗೆ ಹೋಗಿದ್ದು ಹನ್ನೊಂದು ಹತ್ತೊಂಬತ್ತು. ಅವನು ಆಚೆ ಬಂದಿದ್ದು ಹನ್ನೊಂದು ಇಪ್ಪತ್ನಾಲ್ಕು. ಕೋರ್ಟಲ್ಲಿ ಓದಿದ್ರಲ್ಲ."

"ಹೌದು."

"ಆರು ನಿಮಿಷ ತಡವಾಗಿ ಹೋಗಿದ್ರೆ ಅವನು ಇರ್ತಿರ್ಲಿಲ್ಲ."

"ಇರ್ತಿರ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ನಮ್ಮನೇಲೂ ಇಟ್ಟು ನೋಡಿದೆ. ಮೂರು ವರ್ಷದ ಹಿಂದೆ, ಪೊಲೀಸರು ಕ್ಯಾಮೆರಾ ಟೈಮ್ ಹೇಳಿದ ದಿನ. ನನ್ನ ಕುಕ್ಕರಲ್ಲಿ ಏಳು ನಿಮಿಷ."

ಅವಳ ಕಡೆಯಿಂದ ವಠಾರದ ಶಬ್ದ ಕೇಳಿಸುತ್ತಿತ್ತು. ಯಾರೋ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟರು. ಅದು ತುಂಬಿತು.

"ಊಟ ಆಯ್ತಾ?" ಎಂದಳು.

ಇಲ್ಲ ಎಂದೆ.

"ಎಡೆಯಿಟ್ಟ ಅನ್ನ ಇದೆ. ಒಬ್ಬಳಿಗೆ ಜಾಸ್ತಿ ಆಗತ್ತೆ," ಎಂದು ಹೇಳಿ, ಫೋನ್ ಇಡದೆ ಕಾಯ್ದಳು.

ಹೋಗಿ ಊಟ ಮಾಡಿ ಬಂದೆ.